ಹತ್ತಿಕೈ

ಅಂಗಿಯ ಕಾಲರಿನೊಳಗೆ ಹೊಲಿದಿದ್ದ ಕಂಪನಿಯ ಹೆಸರಿನ ಪಟ್ಟಿ ಕುತ್ತಿಗೆಯನ್ನು ಕೊರೆಯುತ್ತಿದೆಯೆಂದು ಮನೆಯಿಂದ ಹೊರಡುವ ಮುಂಚೆ ಅವನು ಅದನ್ನು ಕತ್ತರಿಸಿ ಎಸೆದಿದ್ದ. "ಏನ್ರೀ ಇದು, ಹೊಸ ಅಂಗಿಗೆ ಕತ್ತರಿ ಹಾಕ್ತಿದೀರಲ್ಲ, ಚೆನ್ನಾಗಿದೀರಿ ತಾನೇ?" ಎಂದು ಹೆಂಡತಿ ಊಟದ ಡಬ್ಬಿ ಮುಚ್ಚುತ್ತ ಕೇಳಿದ್ದಳು. ಚೆನ್ನಾಗಿದೀನಿ ಅಂದಿದ್ದ. ಈಗ ಬಸ್ಸಿಳಿದು ಲ್ಯಾಬಿನ ಗೇಟು ದಾಟುವಾಗ, ಪಟ್ಟಿ ಹೋದರೂ ಅದರ ಹೊಲಿಗೆಯ ದಾರ ಅಲ್ಲೇ ಉಳಿದಿದೆಯೆಂದು ತಿಳಿಯಿತು. ದಾರದ ಆ ಒಂದು ತುದಿಯಲ್ಲಿ ಇಡೀ ಮೈ ಬಂದು ಕೂತುಬಿಟ್ಟಿತ್ತು. ಗೇಟಿನ ಕಾವಲುಗಾರ ಎಂದಿನಂತೆ ನಮಸ್ಕಾರ ಸಾರ್ ಅಂದ. ಆ ನಮಸ್ಕಾರದಲ್ಲಿ ಏನೋ ಇತ್ತು. ಏನಿತ್ತು? ಏನೂ ಇರಲಿಲ್ಲ, ಮಣ್ಣು. ವರ್ಷಗಟ್ಟಲೆಯಿಂದ ಆ ಪುಣ್ಯಾತ್ಮ ಅದೇ ದನಿಯಲ್ಲಿ ಅದನ್ನೇ ಅನ್ನುತ್ತ ಬಂದಿದ್ದಾನೆ. ಆದರೂ ಮೆಟ್ಟಿಲು ಹತ್ತಿ ಮುಗಿಯುವ ತನಕ ಅವನು ಆ ನಮಸ್ಕಾರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಇವನಿಗೆ ಗೊತ್ತಾಗಿರಬಹುದೇ? ಮಾತ್ರೆ ಬಿಟ್ಟವನ ಹಣೆಯ ಮೇಲೆ ಮಾತ್ರೆ ಬಿಟ್ಟವನು ಎಂದು ಬರೆದಿರುತ್ತದೆಯೇ? ಏನೋ ಆಗಲಿಕ್ಕಿದೆ ಎಂಬ ಭಾವ ಎದೆಯ ಎಡಕ್ಕೆ, ಸ್ವಲ್ಪ ಮೇಲಕ್ಕೆ, ಬೆಳಗಿನ ಹಾಲಿನ ಹೊತ್ತಿನಿಂದ ಕೂತಿತ್ತು. ಹಾಲು ಉಕ್ಕಿತ್ತು. ಅದೇ ಇರಬಹುದು ಎಂದುಕೊಂಡ, ಅದಾಗಿರಲಿಲ್ಲ.

ಇಲಿಗಳ ಕೋಣೆಗೆ ಕಿಟಕಿಯಿಲ್ಲ. ಗೋಡೆಯುದ್ದಕ್ಕೂ ಕಪಾಟಿನಂತೆ ಸಾಲುಸಾಲು ಪಾರದರ್ಶಕ ಪೆಟ್ಟಿಗೆಗಳು, ಪ್ರತಿಯೊಂದರಲ್ಲೂ ಮರದ ಹೊಟ್ಟು, ಒಂದು ನೀರಿನ ಬಾಟಲಿ, ಎರಡು ಬಿಳಿ ಇಲಿ. ಅವುಗಳ ಹೊಟ್ಟು ಬದಲಿಸುವುದು, ನೀರು ತುಂಬುವುದು, ಪರೀಕ್ಷೆಗೆ ಎತ್ತಿಕೊಂಡು ಹೋಗಿ ಇಡುವುದು ಅವನ ಕೆಲಸ. ಎತ್ತುವುದರಲ್ಲಿ ಅವನಿಗೆ ಹೆಸರಿತ್ತು. ಹೊಸಬರು ಬಾಲ ಹಿಡಿದು ಎಳೆದು ಕಚ್ಚಿಸಿಕೊಳ್ಳುತ್ತಿದ್ದರು. ಅವನು ಅಂಗೈ ಕೆಳಗೆ ತಂದು ಸುಮ್ಮನೆ ಕಾಯುತ್ತಿದ್ದ. ಇಲಿ ತಾನೇ ಹತ್ತಿ ಕೂತು, ಮೂತಿ ಬೆರಳಸಂದಿಗೆ ತೂರಿಸಿ ನಿದ್ದೆ ಹೋಗುತ್ತಿತ್ತು. ಹತ್ತಿಕೈ ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಹೆಸರಿಟ್ಟಿದ್ದರು. ಹೊರಗಿನಿಂದ ದೊಡ್ಡವರು ಬಂದಾಗ "ಬನ್ನಿ, ನಮ್ಮ ಹತ್ತಿಕೈಯವರನ್ನ ನೋಡಿ" ಎಂದು ಕರೆತರುತ್ತಿದ್ದರು, ಯಂತ್ರಗಳನ್ನೆಲ್ಲ ತೋರಿಸಿ ಆದಮೇಲೆ. ಅವನು ನಾಚಿ ನಿಲ್ಲುತ್ತಿದ್ದ, ಅಂಗೈಯಲ್ಲಿ ಇಲಿ ಮಲಗಿರುತ್ತಿತ್ತು. ಸಂಬಳ ಇದ್ದಷ್ಟೇ ಇತ್ತು, ಆದರೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬೇರೆ ಯಾರದೋ ಮಕ್ಕಳನ್ನು ನೋಡುವ ಹಾಗೆ ನೋಡುತ್ತಿದ್ದ.

ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಅಜ್ಜಿ ಇತ್ತು. ಕಿವಿ ಹರಿದ ಮುದಿ ಇಲಿ, ಯಾವ ಪ್ರಯೋಗಕ್ಕೂ ಸೇರದ್ದು, ಎಲ್ಲರ ಮುದ್ದಿನಿಂದ ಉಳಿದುಕೊಂಡದ್ದು. "ಏನಮ್ಮ, ನಾನೇ ಕಣೇ" ಎಂದು ಅವನು ಕೈಯಿಳಿಸಿದ. ಅಜ್ಜಿ ಮೂಸಿತು. ಮೂಲೆಗೆ ಸರಿಯಿತು. ಅವನು ಮತ್ತಷ್ಟು ಕೈ ಚಾಚಿ ಹೊಟ್ಟೆಯಡಿಗೆ ಬೆರಳು ತಂದ. ಅದರ ಮೈ ಕಟ್ಟಿಗೆಯಾಯಿತು, ಬೆರಳ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದಿತು. ಥೂ ಎಂದು ಕೈ ಎಳೆದುಕೊಂಡ. ಪೆಟ್ಟಿಗೆಯ ಕಬ್ಬಿಣದ ಮುಚ್ಚಳ ಕೈತಪ್ಪಿ ಬಿದ್ದು ಕೋಣೆಯೆಲ್ಲ ಖಣಾರೆಂದಿತು. ಅಷ್ಟೂ ಇಲಿಗಳು ಒಟ್ಟಿಗೆ ಬೆಚ್ಚಿದವು. ಅವನೂ ಬೆಚ್ಚಿದ, ಅವುಗಳಿಗಿಂತ ಒಂದು ಕೈ ಹೆಚ್ಚೇ. ನೆತ್ತಿಯ ಟ್ಯೂಬ್‌ಲೈಟು ಗುಂಯ್ ಅನ್ನುತ್ತಿದ್ದದ್ದು ಹಲ್ಲಿನ ಬುಡಕ್ಕೆ ಇಳಿಯಿತು. ನಾಲಗೆಯಲ್ಲಿ ನಾಣ್ಯ ಇಟ್ಟುಕೊಂಡಂಥ ರುಚಿ. ನೆಲ ಒಂದು ಕಡೆಗೆ ಸ್ವಲ್ಪವೇ ವಾಲಿದಂತೆ, ಉಳಿದವರಿಗೆ ಯಾರಿಗೂ ಗೊತ್ತಾಗದಷ್ಟು ವಾಲಿದಂತೆ.

ಕೆಲವು ವಾರಗಳ ಹಿಂದೆ, ಆವತ್ತು ಬಚ್ಚಲಲ್ಲಿ ನಲ್ಲಿ ನಿಲ್ಲಿಸದೆ ಇದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಸೋಪು ಹಚ್ಚಿಕೊಳ್ಳಲು ನಲ್ಲಿ ನಿಲ್ಲಿಸಿದ್ದ. ಹೊರಗೆ ಹೆಂಡತಿ ತಂಗಿಯ ಜೊತೆ ಫೋನಿನಲ್ಲಿ ನಗುತ್ತಿದ್ದಳು. "ಮಾತ್ರೆ ಹೊಟ್ಟೇಲಿದ್ರೆ ಬಂಗಾರದಂಥ ಮನುಷ್ಯ ಕಣೇ. ಮಾತ್ರೆ ಇಲ್ಲಾಂದ್ರೆ ಯಾರಿಗೆ ಬೇಕಪ್ಪಾ ಸಹವಾಸ." ಅವಳು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅದು ಅವನಿಗೂ ಗೊತ್ತು. ಒಂದು ಕಾಲದಲ್ಲಿ ರಾತ್ರಿಯಿಡೀ ಬಾಗಿಲ ಚಿಲಕ ನೋಡಿ ಬರುತ್ತಿದ್ದವನ ಜೊತೆಗೆ ಎದ್ದು ಕೂತವಳು ಅವಳು. ಡಾಕ್ಟರ ಹತ್ತಿರ ಕೈಹಿಡಿದು ಕರೆದುಕೊಂಡು ಹೋದವಳೂ ಅವಳೇ. ಆಮೇಲೆ ಎಷ್ಟೋ ವರ್ಷಗಳಿಂದ ಊಟದ ಡಬ್ಬಿಯ ಮೇಲಿನ ಪುಟ್ಟ ಬಟ್ಟಲಲ್ಲಿ ಮಾತ್ರೆ ಇಟ್ಟು, ಮಧ್ಯಾಹ್ನ ಫೋನು ಮಾಡಿ "ಮಾತ್ರೆ ಆಯ್ತಾ?" ಎಂದು ಕೇಳುವುದನ್ನು ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಮೈತುಂಬ ಸೋಪಿನ ನೊರೆಯಲ್ಲಿ, ಬತ್ತಲೆ ನಿಂತವನಿಗೆ ಆ ಮಾತು ಬೇರೆ ಎಲ್ಲೋ ಹೋಗಿ ನಾಟಿತು. ಹಾಗಾದರೆ ಬಂಗಾರ ಯಾರು, ತಾನೋ ಮಾತ್ರೆಯೋ? ನೋಡಿಯೇ ಬಿಡೋಣ ಎನ್ನಿಸಿತು. ಮಾರನೆಯ ದಿನದಿಂದ ಬಟ್ಟಲಿನ ಮಾತ್ರೆ ಸಿಂಕಿನ ಪಾಲಾಯಿತು. "ಆಯ್ತಾ?" "ಆಯ್ತು." ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ. ಅವಳು ಪ್ರತಿ ಸಲವೂ ನಂಬಿದಳು.

ಹೀಗೆ ದಿಢೀರನೆ ಬಿಡಬಾರದೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಊರಿಗೆಲ್ಲ ಗೊತ್ತಿರದಿದ್ದರೂ ಅವನಿಗೆ ಗೊತ್ತಿರಬೇಕಿತ್ತು. ಲ್ಯಾಬಿನಲ್ಲಿ ನಡೆಯುತ್ತಿದ್ದ ಪ್ರಯೋಗವೇ ಅದು. ಕೆಲವು ಇಲಿಗಳಿಗೆ ವಾರಗಟ್ಟಲೆ ದಿಗಿಲು ತಗ್ಗಿಸುವ ಅದೇ ಜಾತಿಯ ಔಷಧಿ ಕೊಟ್ಟು ಒಮ್ಮೆಗೇ ನಿಲ್ಲಿಸುವುದು, ಇನ್ನು ಕೆಲವಕ್ಕೆ ಹೋಲಿಸಿ ನೋಡಲೆಂದು ಬರೀ ಉಪ್ಪುನೀರು ಕೊಡುವುದು, ಆಮೇಲೆ ಒಂದೊಂದನ್ನೇ ತಂದು ಪ್ಲಸ್ಸಿನ ಮೇಲೆ ಬಿಡುವುದು. ಪ್ಲಸ್ಸೆಂದರೆ ಸೊಂಟದೆತ್ತರದ ಕಂಬದ ಮೇಲೆ ಕೂಡುವ ಚಿಹ್ನೆಯ ಆಕಾರಕ್ಕೆ ಜೋಡಿಸಿದ ಹಲಗೆ. ಎದುರುಬದುರಿನ ಎರಡು ತೋಳಿಗೆ ಗೋಡೆಯಿದೆ, ಉಳಿದೆರಡಕ್ಕೆ ಇಲ್ಲ. ನೆಮ್ಮದಿಯ ಇಲಿ ಸ್ವಲ್ಪ ಹೊತ್ತು ಹಿಂದೆಮುಂದೆ ನೋಡಿ, ಗೋಡೆಯಿಲ್ಲದ ತೋಳಿನ ಮೇಲೂ ನಡೆದು, ಅಂಚಿನಿಂದ ತಲೆ ಇಳಿಬಿಟ್ಟು ನೆಲವನ್ನು ನೋಡುತ್ತದೆ. ದಿಗಿಲು ಬಿದ್ದದ್ದು ಗೋಡೆಗಳ ನಡುವೆ ಹೋಗಿ ಮುದುಡಿ ಕೂರುತ್ತದೆ. ಮೇಡಂ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದದ್ದು ಅವನಿಗೆ ಬಾಯಿಪಾಠ. ಮೆದುಳಿನಲ್ಲಿ ಕೆಲವು ಕೋಶಗಳ ಕೆಲಸವೇ ಉಳಿದವನ್ನು ಶ್ ಎಂದು ಸುಮ್ಮನಾಗಿಸುವುದು. ಔಷಧಿ ಆ ಶ್ ಅನ್ನು ಜೋರು ಮಾಡುತ್ತದೆ. ಜೋರಾದ ಮೇಲೆ ಮೆದುಳು ಅದಕ್ಕೆ ಕಿವಿ ಕೊಡುವುದನ್ನೇ ಕಡಿಮೆ ಮಾಡುತ್ತದೆ, ಮನೆಗೆ ಆಳು ಬಂದಮೇಲೆ ಮನೆಯವರು ಮೈಗಳ್ಳರಾಗುವ ಹಾಗೆ. ಒಂದು ದಿನ ಆಳು ಬರಲಿಲ್ಲವೆನ್ನಿ. ಆಗ ಮನೆಯ ಗತಿ? ವಿದ್ಯಾರ್ಥಿಗಳು ನಗುತ್ತಿದ್ದರು. ಕೆಲವಕ್ಕೆ ಫಿಟ್ಸ್ ಬರುತ್ತದೆ ಎಂದು ಮೇಡಂ ಅದೇ ದನಿಯಲ್ಲಿ ಸೇರಿಸುತ್ತಿದ್ದರು. ಒಂದು ಇಲಿಗೆ ಬಂದದ್ದನ್ನು ಅವನೇ ಕಂಡಿದ್ದ, ಹೊಟ್ಟಿನಲ್ಲಿ ಅದು ಒದ್ದಾಡಿ ಮಾಡಿದ ಪುಟ್ಟ ಗುಂಡಿಯನ್ನು ಕೈಯಿಂದ ಸಮ ಮಾಡಿದ್ದ. ಇಷ್ಟೆಲ್ಲ ಗೊತ್ತಿದ್ದವನು ಯಾವ ಧೈರ್ಯದ ಮೇಲೆ ಬಿಟ್ಟ? ಅದು ಇಲಿಗೆ, ನಾನು ಮನುಷ್ಯ ಎಂದುಕೊಂಡಿದ್ದ, ಮಹಾ!

ಈ ಸಲದ ಪ್ರಯೋಗ ಕೆಟ್ಟಿತ್ತು. ಔಷಧಿ ಬಿಟ್ಟ ಇಲಿಗಳು ಅಡಗಿದವು, ಸರಿ. ಬರೀ ಉಪ್ಪುನೀರಿನವೂ ಅಡಗಿದ್ದವು. ಮೇಡಂ ನೋಡಿದಷ್ಟರಲ್ಲಿ ಒಂದೂ ಗೋಡೆ ಬಿಟ್ಟು ಈಚೆಗೆ ಬಂದಿರಲಿಲ್ಲ. ಚುಚ್ಚುಮದ್ದು ಕೊಡುತ್ತಿದ್ದದ್ದು ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ; ಅವನನ್ನು ಅಣ್ಣ ಎಂದು ಕರೆಯುತ್ತಿದ್ದಳು, ಮಾತುಮಾತಿಗೆ ಕನ್ನಡಕ ಮೇಲೆತ್ತುತ್ತಿದ್ದಳು. ಎರಡು ಸಾಲಿನ ಶೀಶೆಗಳನ್ನು ಗೊಂದಲ ಮಾಡಿಕೊಂಡು ಎಲ್ಲಕ್ಕೂ ಔಷಧಿ ಚುಚ್ಚಿದ್ದಾಳೆ ಎಂದು ಮೇಡಂ ತೀರ್ಮಾನಿಸಿದ್ದರು. ಹುಡುಗಿ ಇಲ್ಲ ಎಂದಳು. ಮತ್ತೆ ಇಲ್ಲ ಎಂದಳು. ಮೂರನೆಯ ಸಲ ಅವಳ ದನಿಯಲ್ಲೇ ಅನುಮಾನ ಬಂದಿತ್ತು. ಮಾಡದ ತಪ್ಪನ್ನು ಮಾಡಿದೆನೇನೋ ಎಂದುಕೊಳ್ಳುವುದು ಎಂಥದ್ದೆಂದು ಅವನಿಗೆ ಗೊತ್ತು. ಗೇಟಿನಿಂದ ಇಲ್ಲಿಗೆ ಬರುವಷ್ಟರಲ್ಲಿ ದಿನವೂ ಅವನು ಅಂಥ ನಾಲ್ಕಾರು ಮಾಡುತ್ತಿದ್ದ.

ಕಾರಣ ಅವನಿಗೆ ನಿನ್ನೆಯವರೆಗೂ ಹೊಳೆದಿರಲಿಲ್ಲ, ಅಥವಾ ಹೊಳೆಯದಂತೆ ನೋಡಿಕೊಂಡಿದ್ದ. ನಿನ್ನೆ ಬಸ್ಸಿನಲ್ಲಿ ಜನ ಹೆಚ್ಚಾದರು, ಉಸಿರು ಕಟ್ಟಿತು, ನಡುದಾರಿಯಲ್ಲೇ ಇಳಿದು ಉಳಿದದ್ದನ್ನು ನಡೆದು ಬಂದ. ತಡವಾಗಿತ್ತು. ಅಷ್ಟರೊಳಗೆ ಹುಡುಗಿ ತಾನೇ ಉಪ್ಪುನೀರಿನ ಒಂದು ಇಲಿಯನ್ನು ಎತ್ತಿ ಪ್ಲಸ್ಸಿನ ಮೇಲೆ ಬಿಟ್ಟು ಹೊರಗೆ ಹೋಗಿದ್ದಳು. ಸಂಜೆ ಕ್ಯಾಮರಾದ ವೀಡಿಯೊ ತೆಗೆದಿಡುವಾಗ, ಬೇರೆ ಯಾರೂ ನೋಡುವ ಮುಂಚೆ, ಅವನು ಅದನ್ನು ನೋಡಿದ. ಅವಳ ಒರಟು ಕೈ, ಬಳೆ ಹಾಕಿದ ಕೈ, ಇಲಿಯನ್ನು ದೊಪ್ಪೆಂದು ನಡುವೆ ಇಟ್ಟಿತು. ಇಲಿ ಎರಡು ಸಲ ಮೂತಿ ಒರೆಸಿಕೊಂಡು, ಆರಾಮಾಗಿ ಗೋಡೆಯಿಲ್ಲದ ತೋಳಿಗೆ ನಡೆದು, ತುದಿಯಲ್ಲಿ ತಲೆ ಇಳಿಬಿಟ್ಟು ಕೆಳಗೆ ನೋಡಿತು. ಮುಂದಿನದು ಅವನು ಬಂದಮೇಲಿನದು. ಅವನ ಕೈ ಚಿತ್ರದೊಳಗೆ ಬಂತು. ಕೈ ನಡುಗುತ್ತಿರಲಿಲ್ಲ, ಹಾಗೆ ನಡುಗಿದ್ದರೆ ಎಂದೋ ಯಾರಾದರೂ ಕಂಡುಹಿಡಿಯುತ್ತಿದ್ದರು. ಬೆರಳುಗಳ ಒಳಗೆಲ್ಲೋ ಒಂದು ಬಿಗಿ. ಮತ್ತೆ ಬೆವರು, ಅದು ಚಿತ್ರಕ್ಕೆ ಕಾಣುವುದಿಲ್ಲ, ಇಲಿಯ ಮೂಗಿಗೆ ಕಾಣುತ್ತದೆ. ಅವನು ಬಿಟ್ಟ ತಕ್ಷಣ ಆ ಇಲಿ ಗೋಡೆಗಳ ನಡುವೆ ನುಗ್ಗಿ ಕೂತಿತು. ಅದರ ಮುಂದಿನದೂ. ಹಿಂದಿನ ದಿನಗಳಲ್ಲಿ ಅವನು ಬಿಟ್ಟವೂ. ಅವನು ತನ್ನ ದಿಗಿಲನ್ನು ಒಂದೊಂದೇ ಇಲಿಗೆ ಕೈಯಾರೆ ಹಂಚುತ್ತ ಬಂದಿದ್ದ. ಅದಕ್ಕಿಂತ ಕೆಟ್ಟ ಯೋಚನೆ ಒಂದು ಅದರ ಬೆನ್ನಿಗೇ ಬಂತು. ಈ ಕೆಲಸಕ್ಕೆ ಸೇರುವ ಮುಂಚಿನಿಂದಲೂ ಅವನು ಮಾತ್ರೆಯ ಮೇಲಿದ್ದವನು. ಹಾಗಾದರೆ ಇಲಿಗಳು ಇಷ್ಟು ವರ್ಷ ನಿದ್ದೆ ಹೋದದ್ದು ಯಾರ ಅಂಗೈಯಲ್ಲಿ?

ಊಟದ ಹೊತ್ತಿಗೆ ಮೇಡಂ ಅವನನ್ನೂ ಹುಡುಗಿಯನ್ನೂ ತಮ್ಮ ಕೋಣೆಗೆ ಕರೆದರು. ಹುಡುಗಿಯ ಕಣ್ಣು ಊದಿತ್ತು. ಮೇಡಂ ಕೆಟ್ಟವರಲ್ಲ; ದಣಿದಿದ್ದರು, ಮೇಜಿನ ಮೇಲೆ ಅರ್ಧ ತಿಂದ ಬಿಸ್ಕತ್ತಿತ್ತು.

"ಕೊನೇ ಸಾಲು ಇನ್ನೂ ಪ್ಲಸ್ ನೋಡಿಲ್ಲ. ಅವೆಲ್ಲ ಬರೀ ಉಪ್ಪುನೀರಿನವು, ನನ್ನ ಲೆಕ್ಕದ ಪ್ರಕಾರ" ಎಂದರು. "ಇವತ್ತು ನನ್ನ ಕಣ್ಣೆದುರಿಗೇ ಬಿಡೋಣ. ಈಚೆಗೆ ಬಂದ್ವೋ, ತಪ್ಪು ಬೇರೆ ಎಲ್ಲೋ ಇದೆ, ಹುಡುಕೋಣ. ಅವೂ ಅಡಗಿದ್ವೋ, ಇವಳು ಅವಕ್ಕೂ ಔಷಧಿ ಕೊಟ್ಟಿದಾಳೆ ಅಂತಲೇ. ಆಮೇಲೆ ನನ್ನ ಕೈಲಿ ಏನೂ ಇಲ್ಲಮ್ಮ, ನೀನು ಬೇರೆ ಕಡೆ ನೋಡ್ಕೋಬೇಕಾಗುತ್ತೆ."

"ಮೇಡಂ, ನಾನು ದಿನಾ ಎರಡೆರಡು ಸಲ ನೋಡಿ..."

"ಅಳಬೇಡ. ಹತ್ತಿಕೈಯವರು ಎತ್ತಿಡ್ತಾರೆ. ಅವರ ಕೈ ಮೇಲೆ ಯಾರೂ ಸಂಶಯ ಪಡೋ ಹಾಗಿಲ್ಲ. ಏನ್ರೀ, ಆಗುತ್ತಲ್ಲ?"

ಈಗ ಹೇಳಬೇಕಿತ್ತು. ಬಾಯಿಯ ಒಳಗೆ ಮಾತು ಬಂದು ನಿಂತೂ ಇತ್ತು: ಮೇಡಂ, ಕೈ ಕೆಟ್ಟಿದೆ. ಮೂರೇ ಮಾತು. ಹುಡುಗಿ ಅವನ ಕಡೆ ತಿರುಗಿ, ಕನ್ನಡಕ ಮೇಲೆತ್ತಿ, "ಅಣ್ಣ ಇದ್ರೆ ನಂಗೆ ಭಯ ಇಲ್ಲ ಮೇಡಂ" ಎಂದಳು. ಹೇಳಿದರೆ ಏನಾಗುತ್ತದೆ? ಮಾತ್ರೆ ನುಂಗುವವನು ಎಂದು ಗೊತ್ತಾಗುತ್ತದೆ. ಬಿಟ್ಟವನು ಎಂದು ಗೊತ್ತಾಗುತ್ತದೆ. ಇಷ್ಟು ವರ್ಷ ದೊಡ್ಡವರೆದುರು ಮೆರೆಸಿದ್ದು ಒಂದು ಔಷಧಿ ಅಂಗಡಿಯ ಕೈಯನ್ನು ಎಂದು ಗೊತ್ತಾಗುತ್ತದೆ. ಕೈ ಹೋದಮೇಲೆ ಅವನಲ್ಲಿ ಉಳಿದದ್ದು ಏನು, ಹೊಟ್ಟು ಬದಲಿಸುವವನು. "ಆಗುತ್ತೆ ಮೇಡಂ" ಎಂದ.

ಶೌಚಾಲಯದ ಬಾಗಿಲು ಹಾಕಿಕೊಂಡು ಡಬ್ಬಿಯ ಮೇಲಿನ ಬಟ್ಟಲು ತೆರೆದ. ಮಾತ್ರೆ ಎಂದಿನಂತೆ ಇತ್ತು, ಹೆಂಡತಿ ಅದನ್ನು ಒದ್ದೆಯಾಗದಿರಲೆಂದು ಕಾಗದದ ಚೂರಿನಲ್ಲಿ ಸುತ್ತಿದ್ದಳು. ಜೇಬಿನಲ್ಲಿ ಫೋನು ಗುರ್‌ಗುಟ್ಟಿತು, ಅವಳೇ. ಎತ್ತಲಿಲ್ಲ. ಎಲ್ಲ ಎಷ್ಟು ಸುಲಭವಾಗಿತ್ತು ನೋಡಿ. ಇದನ್ನು ನುಂಗಿದರೆ ಒಂದು ಗಂಟೆಯಲ್ಲಿ ಕೈ ಸರಿಹೋಗುತ್ತದೆ, ಇಲಿಗಳು ಈಚೆಗೆ ಬರುತ್ತವೆ, ಹುಡುಗಿ ಉಳಿಯುತ್ತಾಳೆ. ನುಂಗದೆ, ಹೇಳದೆ ಇದ್ದರೆ ಅವಳು ಹೋಗುತ್ತಾಳೆ. ನುಂಗದೆ ಹೇಳಿದರೆ ತಾನು ಹೋಗುತ್ತಾನೆ. ನುಂಗಿದರೆ ಕಳೆದ ಇಷ್ಟೂ ದಿನ, ಮೈಯ ಚರ್ಮವೆಲ್ಲ ಒಳಮುಖವಾಗಿ ಹೊಲಿದಂತಿದ್ದ ಈ ದಿನಗಳು, ರಾತ್ರಿ ಸೀಲಿಂಗು ನೋಡುತ್ತ ಹೆಂಡತಿಗೆ ಗೊತ್ತಾಗದಂತೆ ಉಸಿರೆಳೆದದ್ದು, ಇವೆಲ್ಲ ನೀರಲ್ಲಿ ಹೋಮ. ಹೋದರೆ ಹೋಗಲಿ, ಒಂದು ಹೆಣ್ಣುಮಗಳ ಬಾಳು ದೊಡ್ಡದಲ್ಲವೇ? ಹಾಗೆಂದುಕೊಂಡ ಗಳಿಗೆಯಲ್ಲೇ ಒಳಗೆ ಏನೋ ಒಂದು ಕುಣಿದದ್ದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ನೆಪ ಸಿಕ್ಕಿತು ಎಂದು ಕುಣಿದದ್ದು. ನಾಲಗೆಯಡಿ ನೀರೂರಿತ್ತು. ಹುಡುಗಿಗೋಸ್ಕರ ಎಂದರೆ ಬಾಯಿ ಬಿಟ್ಟರೆ ಸಾಕಿತ್ತು, ಮಾತ್ರೆ ಬೇಕಿರಲಿಲ್ಲ. ಇದು ಅವನಿಗೆ ಗೊತ್ತಿತ್ತು. ಹೇಡಿ ಎಂದು ತನ್ನನ್ನು ತಾನೇ ಬೈದುಕೊಂಡ. ಥೂ ನಿನ್ನ ಜನ್ಮಕ್ಕೆ ಎಂದೂ ಅಂದುಕೊಂಡ. ಬೈದುಕೊಳ್ಳುತ್ತಲೇ ನಲ್ಲಿಯ ಕೆಳಗೆ ಬೊಗಸೆ ಹಿಡಿದ. ಗಂಟಲಲ್ಲಿ ಅದು ಒಂದು ಕ್ಷಣ ಅಂಟಿಕೊಂಡಿತು, ಮತ್ತೊಂದು ಗುಟುಕಿಗೆ ಇಳಿಯಿತು.

ಆಮೇಲೆ ಅವನು ಇಲಿಗಳ ಕೋಣೆಯ ಸ್ಟೂಲಿನ ಮೇಲೆ ಕೂತು ಕಾದ. ಏನೂ ಆಗಲಿಲ್ಲ. ಏನೂ ಆಗುತ್ತಿಲ್ಲವಲ್ಲ ಎಂದು ದಿಗಿಲಾಯಿತು. ಎಷ್ಟೋ ಹೊತ್ತಿನ ಮೇಲೆ, ಕುತ್ತಿಗೆಯ ದಾರ ಕೊರೆಯುತ್ತಿಲ್ಲವೆಂದು ಗಮನಕ್ಕೆ ಬಂತು. ಕೈಹಾಕಿ ನೋಡಿದ, ದಾರ ಅಲ್ಲೇ ಇತ್ತು. ಟ್ಯೂಬ್‌ಲೈಟಿನ ಗುಂಯ್ ಮೇಲಕ್ಕೆ, ಟ್ಯೂಬ್‌ಲೈಟಿಗೇ, ಹಿಂದಿರುಗಿತ್ತು. ಯಾರೋ ಹಿಂದಿನಿಂದ ಬಂದು ಭುಜದ ಮೇಲೆ ಕಂಬಳಿ ಹೊದಿಸಿದಂತಾಗಿ ಅವನಿಗೆ ಅಳು ಬಂತು. ಬೆಳಗಿನಿಂದ ಆಗಲಿಕ್ಕಿದ್ದ ಏನೋ ಒಂದು ಇನ್ನು ಆಗುವುದಿಲ್ಲ. ಆಗಿಹೋಯಿತೇನೋ, ಯಾರಿಗೆ ಗೊತ್ತು. ಹುಡುಗಿ ಬಾಗಿಲಲ್ಲಿ ಇಣುಕಿ "ಅಣ್ಣ, ಮೇಡಂ ಬಂದ್ರು" ಎಂದಳು, ಅವಳ ತುಟಿ ಬಿಳುಚಿತ್ತು. "ಹೆದರ್ಕೋಬೇಡಮ್ಮ" ಎಂದ. ತನ್ನ ದನಿ ಎಷ್ಟು ಹಿತವಾಗಿದೆ ಎಂದು ಅವನಿಗೇ ಅನ್ನಿಸಿತು.

ಕೊನೆಯ ಸಾಲಿನ ಮೊದಲ ಪೆಟ್ಟಿಗೆಗೆ ಕೈಯಿಳಿಸಿ ಕಾದ. ಇಲಿ ಮೂಸಿತು. ಹತ್ತಿ ಕೂತಿತು. ಮೇಡಂ ಕೈಕಟ್ಟಿಕೊಂಡು ಪರದೆಯ ಹಿಂದೆ, ಹುಡುಗಿ ಅವರ ಪಕ್ಕದಲ್ಲಿ ಉಗುರು ಕಚ್ಚುತ್ತ. ಅವನು ಪ್ಲಸ್ಸಿನ ನಡುವೆ ಇಲಿಯನ್ನು ಬಿಟ್ಟು ಹಿಂದೆ ಸರಿದ. ಮೊದಲು ಅದು ಗೋಡೆಗಳ ನಡುವೆ ಹೋಯಿತು. ಹುಡುಗಿ ಉಸಿರು ಒಳಗೆಳೆದದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಮೂತಿ ಈಚೆಗೆ ಬಂತು, ಮುಂಗಾಲು ಬಂತು, ಮೈ ಉದ್ದಕ್ಕೆ ಎಳೆದುಕೊಂಡು ಬಂತು, ಮತ್ತೆ ಏನೂ ಆಗಿಲ್ಲವೆಂಬಂತೆ ಗೋಡೆಯಿಲ್ಲದ ತೋಳಿನ ಮೇಲೆ ತುದಿಯವರೆಗೂ ನಡೆದು ತಲೆ ಇಳಿಬಿಟ್ಟಿತು. ಅವನು ಅದನ್ನು ನೋಡಿದ. ನಿನಗೆ ಔಷಧಿ ಕೊಟ್ಟಿಲ್ಲವಂತೆ, ಎಂದು ಮನಸ್ಸಿನಲ್ಲೇ ಅದಕ್ಕೆ ಹೇಳಿದ, ಪುಣ್ಯವಂತೆ. ಎರಡನೆಯದೂ ಬಂತು. ಮೂರನೆಯದಂತೂ ಬಿಟ್ಟ ಕೂಡಲೇ ಬಂತು. ಹುಡುಗಿ ಪರದೆಯ ಹಿಂದೆ ಬಾಯಿಗೆ ದುಪಟ್ಟಾ ಒತ್ತಿಕೊಂಡು ಅಳುತ್ತಿದ್ದಳು, ಈ ಸಲ ಬೇರೆ ಅಳು.

"ಹಾಗಾದ್ರೆ ಆ ದಿನಗಳಲ್ಲೇ ಏನೋ ಆಗಿದೆ" ಎಂದರು ಮೇಡಂ. "ಪಕ್ಕದಲ್ಲಿ ಗೋಡೆ ಒಡೀತಿದ್ರಲ್ಲ, ಆ ಸದ್ದಿಗೇ ಇರಬೇಕು. ಸರಿ, ಹಳೇದನ್ನೆಲ್ಲ ಬಿಟ್ಟುಬಿಡೋಣ, ಹೊಸ ಇಲಿ ತರಿಸಿ ಮೊದಲಿಂದ ಶುರು." ಹುಡುಗಿಯ ತಲೆಯ ಮೇಲೆ ಕೈಯಿಟ್ಟರು. "ಸಾರಿ ಕಣಮ್ಮ." ಆಮೇಲೆ ಅವನ ಕಡೆ ತಿರುಗಿದರು. "ನೋಡಿ, ಇನ್ಮೇಲೆ ಈ ಪ್ರಯೋಗ ಮುಗಿಯೋವರೆಗೂ ಬೇರೆ ಯಾರೂ ಇಲಿ ಮುಟ್ಟೋ ಹಾಗಿಲ್ಲ. ನೀವೊಬ್ಬರೇ. ರಜಾ ಗಿಜಾ ಕೇಳಬೇಡಿ ಮತ್ತೆ. ಈ ಕೈ ಹೀಗೇ ಇರಬೇಕು, ತಿಳೀತಾ?"

"ತಿಳೀತು ಮೇಡಂ" ಎಂದ. ಹಳೆಯದನ್ನೆಲ್ಲ ಬಿಟ್ಟುಬಿಡುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಅವನ ಕೈ ಹೆದರಿಸಿದ ಅಷ್ಟೂ ಇಲಿಗಳು ನಾಳೆ ಇರುವುದಿಲ್ಲ. ನೋವಾಗಬೇಕಿತ್ತು. ನೋವು ಎಲ್ಲೋ ದೂರದಲ್ಲಿ, ಪಕ್ಕದ ಮನೆಯಲ್ಲಿ ಆಗುತ್ತಿದ್ದಂತೆ ಆಯಿತು. "ಅಣ್ಣ, ನಿಮ್ಮ ಕೈಗೆ ನಾನು ಏನು ಕೊಟ್ರೂ ಸಾಲದು" ಎಂದು ಹುಡುಗಿ ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಅವನು ಅವುಗಳನ್ನು ಬಿಡಿಸಿಕೊಳ್ಳಲಿಲ್ಲ. ಅವು ಅವಳ ಕೈಯಲ್ಲಿ ತಣ್ಣಗೆ, ಮೆತ್ತಗೆ ಇದ್ದವು.

ಫೋನು ಮತ್ತೆ ಗುರ್‌ಗುಟ್ಟಿತು. ಕಾರಿಡಾರಿಗೆ ಬಂದು ಎತ್ತಿದ.

"ಎಷ್ಟು ಸಲ ಮಾಡೋದ್ರೀ? ಎಲ್ಲಿ ಹೋಗಿದ್ರಿ? ಮಾತ್ರೆ ಆಯ್ತಾ?"

"ಆಯ್ತು."

ಅತ್ತ ಕಡೆ ಕುಕ್ಕರು ಒಂದು ಸಲ ಕೂಗಿದ್ದು ಕೇಳಿಸಿತು.

"ನಿಜ ಹೇಳ್ರೀ."

"ಆಯ್ತು ಅಂದ್ನಲ್ಲ."

"ಫೋನ್ ಎತ್ತಲಿಲ್ಲ, ದನಿ ಬೇರೆ ಒಂಥರಾ ಇದೆ. ಇವತ್ತು ನಂಗ್ಯಾಕೋ ನಂಬಿಕೆ ಬರ್ತಿಲ್ಲ. ನನ್ನಾಣೆ ಮಾಡಿ ಹೇಳಿ, ತಗೊಂಡ್ರಾ?"

ಅವನು ಗೋಡೆಗೆ ಒರಗಿದ. ಕಾರಿಡಾರಿನ ಆ ತುದಿಯ ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಬಿದ್ದಿತ್ತು. ಅಲ್ಲಿಗೆ ನಡೆದುಹೋಗಬಹುದಿತ್ತು, ಯಾರೂ ಬೇಡವೆನ್ನುತ್ತಿರಲಿಲ್ಲ. ಅವನು ಒರಗಿದಲ್ಲೇ ನಿಂತ.

"ನಿನ್ನಾಣೆಗೂ ತಗೊಂಡೆ ಕಣೇ" ಎಂದ.

"ಹಾಂ, ಹಾಗೆ ಹೇಳಿ ಮತ್ತೆ" ಎಂದಳು ಅವಳು, ದನಿ ಹಗುರಾಗಿ. "ಬಂಗಾರ ಕಣ್ರೀ ನೀವು. ಬೇಗ ಬನ್ನಿ."

ಅವನು ಫೋನು ಜೇಬಿಗಿಟ್ಟು, ಕೈ ತೊಳೆದುಕೊಂಡು, ಮುಂದಿನ ಇಲಿಯನ್ನು ಎತ್ತಿಕೊಳ್ಳಲು ಒಳಗೆ ಹೋದ.